ಖಾಂಬೇಟೆಯವರ ಫಲಕವೂ ರಕ್ತದೊತ್ತಡವೂ

ಕೋಪವು ದೇಹದ ಒಳಗೆ ಉಳಿದರೆ ರಕ್ತದೊತ್ತಡವಾಗುತ್ತದೆ, ಹೊರಗೆ ಬಂದರೆ ಫಲಕವಾಗುತ್ತದೆ ಎಂಬ ಸತ್ಯವನ್ನು ಪುಣೆಯ ಮನಃಶರೀರ ಸಂಶೋಧನ ಮಂದಿರವು ಮಾರ್ಚ್ ಇಪ್ಪತ್ತೊಂಬತ್ತರಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತುಪಡಿಸಿತು. ಮಾರ್ಚ್ ಮೂವತ್ತೊಂದಕ್ಕೆ ಮಂದಿರದ ಅನುದಾನ ಮುಗಿಯುವುದಿತ್ತು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದು ಪತ್ರಿಕಾ ಪ್ರಕಟಣೆಯಲ್ಲಿ ಆಗಲೇ ಸ್ಪಷ್ಟಪಡಿಸಲಾಗಿದೆ. ಆ ಪ್ರಕಟಣೆಯನ್ನು ಬರೆದವನು ನಾನು.

ನಾನು ಮಂದಿರದ ಪ್ರಸಿದ್ಧಿ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ನಾನೊಬ್ಬನೇ ಇರುವುದರಿಂದ ಶಿಸ್ತು ಚೆನ್ನಾಗಿದೆ. ಮನಸ್ಸಿನ ನೆಮ್ಮದಿಗೂ ದೇಹದ ಆರೋಗ್ಯಕ್ಕೂ ಏನು ನಂಟು ಎಂಬುದನ್ನು ಶೋಧಿಸುವುದು ನಮ್ಮ ಸಂಸ್ಥೆಯ ಕೆಲಸ. ಮನಸ್ಸು ನೆಟ್ಟಗಿದ್ದರೆ ಮೈ ನೆಟ್ಟಗಿರುತ್ತದೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ಆದರೆ ಅವರು ಅದಕ್ಕಾಗಿ ಕಟ್ಟಡ ಕೇಳಿರಲಿಲ್ಲ. ನಮಗೆ ಕಟ್ಟಡವಿದೆ. ಹೆಸರಿನಲ್ಲಿ ಮಂದಿರವೆಂದು ಇರುವುದರಿಂದ ಕೆಲವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ, ಒಬ್ಬಿಬ್ಬರು ತೆಂಗಿನಕಾಯಿಯನ್ನೂ ತರುತ್ತಾರೆ. ನಿರ್ದೇಶಕರಾದ ಡಾ. ಹೇರಂಬ ಸಹಸ್ರಬುದ್ಧೆಯವರು ಇದನ್ನು ತಡೆದಿಲ್ಲ.

ಆ ವರ್ಷ ಹಳೆಯ ಪೇಠೆಗಳ ವೃದ್ಧರ ರಕ್ತದೊತ್ತಡ ಅಳೆಯುವ ಕೆಲಸ ನಡೆದಿತ್ತು. ಅದಕ್ಕೆ ನೇಮಕವಾದವಳು ಕೇತಕೀ ಲೇಲೆ ಎಂಬ ಹುಡುಗಿ. ಮಂದಿರದ ಜೀಪು ಮಧ್ಯಾಹ್ನ ಮಾತ್ರ ಬಿಡುವಾಗಿರುತ್ತಿತ್ತು. ಬೆಳಿಗ್ಗೆ ಅದು ಕಾರ್ಯದರ್ಶಿಗಳ ಮೊಮ್ಮಗಳನ್ನು ಶಾಲೆಗೆ ಬಿಡುತ್ತದೆ, ಸಂಜೆ ಕರೆತರುತ್ತದೆ, ಇವೆರಡೂ ಸಂಶೋಧನೆಯ ಖಾತೆಯಲ್ಲೇ ಇವೆ. ಹೀಗಾಗಿ ಕೇತಕೀ ಸದಾಶಿವ ಪೇಠೆಯ ಹಳೆಯ ತೊಟ್ಟಿಮನೆಯಾದ ಖಾಂಬೇಟೆ ವಾಡೆಯ ಮುಂದೆ ಇಳಿದಾಗ ಎರಡು ಗಂಟೆ. ಪುಣೆಯಲ್ಲಿ ಹುಟ್ಟಿದ ನಾಯಿ ಕೂಡ ಆ ಹೊತ್ತಿನಲ್ಲಿ ಒಂದು ಮನೆಯ ಮುಂದೆ ನಿಂತು ಬೊಗಳುವುದಿಲ್ಲ. ಆದರೆ ಕೇತಕೀ ಕೊಲ್ಹಾಪುರದವಳು. ಅವರ ಊರಿನಲ್ಲಿ ಯಾವ ಹೊತ್ತಿಗೆ ಬಾಗಿಲು ತಟ್ಟಿದರೂ ಊಟಕ್ಕೆ ಕೂರಿಸುತ್ತಾರೆ. ಅವಳು ಗಂಟೆ ಬಾರಿಸಿದಳು.

ಬಾಗಿಲ ಪಕ್ಕದಲ್ಲಿ ಒಂದು ತಗಡಿನ ಫಲಕವಿತ್ತು. ಅದರ ಮೇಲೆ ಹಸಿರು ಬಣ್ಣದಲ್ಲಿ, ದುಂಡಗೆ, ಹೀಗೆ ಬರೆದಿತ್ತು:

‘ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಈ ಮನೆಯವರು ಮಲಗಿರುತ್ತಾರೆ. ಗಂಟೆ ಬಾರಿಸಬೇಡಿ. ಮನೆಗೆ ಬೆಂಕಿ ಬಿದ್ದಿದ್ದರೆ ನಮಗೇ ಗೊತ್ತಾಗುತ್ತದೆ. ನೀವು ಬಂದ ಕೆಲಸ ಅಷ್ಟು ದೊಡ್ಡದಾಗಿದ್ದರೆ ಬೆಳಿಗ್ಗೆಯೇ ಬರುತ್ತಿದ್ದಿರಿ.’

ಬಾಗಿಲು ತೆರೆದವರು ದಿನಕರ ಖಾಂಬೇಟೆ. ವಯಸ್ಸು ಎಂಬತ್ತು ದಾಟಿತ್ತು. ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಳೆ ಬರುತ್ತದೆಂದು ಬರೆದು ಬರದಿದ್ದಾಗ, ಬರುವುದಿಲ್ಲವೆಂದು ಬರೆದು ಬಂದಾಗ, ಊರೆಲ್ಲ ಬೈದದ್ದನ್ನು ಬದುಕಿಡೀ ಕೇಳಿದವರು. ನಿವೃತ್ತಿಯಾದ ಮೇಲೆ ಆ ಸಾಲವನ್ನು ಊರಿಗೆ ತೀರಿಸುತ್ತಿದ್ದರು.

‘ಓದ್ಲಿಕ್ಕೆ ಬರ್ತದೇನು?’ ಎಂದು ಕೇಳಿದರು.

‘ಬರ್ತದ್ರೀ ಆಜೋಬಾ.’

‘ಎಲ್ಲಿತನಕಾ ಓದಿ?’

‘ಪಿಎಚ್.ಡಿ. ಮಾಡ್ಲಿಕತ್ತೀನ್ರಿ.’

‘ಹಂಗಾದ್ರ ತಪ್ಪು ನಿಂದಲ್ಲ ಬಿಡು. ಅಷ್ಟು ಓದೋರಿಗೆ ಬಾಗಲದಾಗಿನ ಬೋರ್ಡ್ ಓದ್ಲಿಕ್ಕೆ ಪುರಸೊತ್ತೆಲ್ಲಿರ್ತದ.’

ಆಮೇಲೆ ಅವರು ಮಾತಾಡಿದರು. ಕೇತಕೀಯ ಚಪ್ಪಲಿಯ ಸಪ್ಪಳದಿಂದ ಆರಂಭಿಸಿ, ಜೀಪಿನ ಹಾರನ್ನು, ಮಾವಿನ ಹಣ್ಣಿನ ದರ, ಪೇಠೆಯೊಳಗೆ ಬಂದ ಮೆಟ್ರೋ ಕಂಬ, ಈಗಿನ ಶ್ರೀಖಂಡಕ್ಕೆ ಬೆರೆಸುವ ಬಣ್ಣ, ಎಲ್ಲವನ್ನೂ ದಾಟಿ ಮತ್ತೆ ಚಪ್ಪಲಿಗೆ ಬಂದು ನಿಲ್ಲಿಸಿದರು. ಕೇತಕೀ ಬಿಸಿಲಿನಲ್ಲಿ ನಿಂತೇ ಇದ್ದಳು.

‘ಇಷ್ಟೊತ್ತು ನಿಂತೀಯಲ್ಲ, ನೀರು ಬೇಕೇನು?’

‘ಬೇಕಿತ್ರಿ.’

‘ನಾಲ್ಕಕ್ಕ ಬಾ, ಕೊಡ್ತೀನಿ.’

ಆದರೂ ತೋಳು ಮುಂದೆ ಚಾಚಿದರು. ಕೇತಕೀ ಪಟ್ಟಿ ಕಟ್ಟಿ ಅಳೆದಳು. ಕ್ರಿಕೆಟ್ ಆಡುವ ಹುಡುಗನ ಒತ್ತಡವಿತ್ತು. ಯಂತ್ರ ಕೆಟ್ಟಿದೆಯೆಂದು ತನ್ನ ತೋಳಿಗೇ ಕಟ್ಟಿ ನೋಡಿದಳು, ಅವಳದ್ದೇ ಏರಿತ್ತು. ಪಕ್ಕದ ಮನೆಗೆ ಹೋದಳು. ಅಲ್ಲಿ ಶ್ರೀಯುತ ಲಿಮಯೆ ಎಂಬುವರು ಎದ್ದು ಬಂದು, ನಗುನಗುತ್ತ ಒಳಗೆ ಕರೆದು, ನಿದ್ದೆಗೆಡಿಸಿದ್ದಕ್ಕೆ ಧನ್ಯವಾದ ಹೇಳಿ, ಯಾರ ಮೇಲೂ ತಮಗೆ ಬೇಸರವಿಲ್ಲವೆಂದು ತಿಳಿಸಿ ತೋಳು ಕೊಟ್ಟರು. ಅವರ ಒತ್ತಡ ಎಷ್ಟಿತ್ತೆಂದರೆ ಕೇತಕೀ ಅವರನ್ನು ಮೊದಲು ಮಲಗಿಸಿದಳು.

ಪೇಠೆಯುದ್ದಕ್ಕೂ ಹೀಗೆಯೇ ಆಯಿತು. ಬಾಗಿಲಲ್ಲಿ ಬೈಗುಳದ ಫಲಕವಿದ್ದ ಮನೆಯವರು ಗುಂಡುಕಲ್ಲಿನಂತಿದ್ದರು, ‘ಸುಸ್ವಾಗತ’ ಎಂದು ಬರೆದಿದ್ದ ಮನೆಗಳಲ್ಲಿ ಗುಳಿಗೆಯ ಡಬ್ಬಿಗಳಿದ್ದವು. ವರದಿ ನೋಡಿದ ಡಾ. ಸಹಸ್ರಬುದ್ಧೆ ಎದ್ದು ನಿಂತು ಕಿಟಕಿಯ ಹೊರಗೆ ಬಹಳ ಹೊತ್ತು ನೋಡಿದರು. ಅಲ್ಲಿ ಗೋಡೆ ಮಾತ್ರ ಇದೆ.

‘ಲಕ್ಷಾತ ಘ್ಯಾ, ಲಕ್ಷ್ಯದಾಗ ಇಟ್ಕೋರಿ, ಔಷಧಿ ಮನುಷ್ಯಾನ ಒಳಗಿಲ್ಲ,’ ಎಂದರು. ‘ತಗಡಿನ ಮ್ಯಾಲದ. ಆ ತಗಡು ಇಲ್ಲಿಗೆ ಬರಬೇಕು.’

ಮನುಷ್ಯನನ್ನು ಕರೆಸುವುದಕ್ಕಿಂತ ತಗಡನ್ನು ತರಿಸುವುದು ಸುಲಭವೆಂದು ಕಾರ್ಯದರ್ಶಿಗಳೂ ಒಪ್ಪಿದರು. ತಗಡಿಗೆ ಚಹಾ ಕೊಡಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ನಾವು ಮೂವರು, ಅಂದರೆ ನಿರ್ದೇಶಕರು, ಕೇತಕೀ ಮತ್ತು ನಾನು, ಶಾಲು ಶ್ರೀಫಲ ಹಿಡಿದು ಖಾಂಬೇಟೆಯವರ ಮನೆಗೆ ಹೋದೆವು. ನಾಲ್ಕಕ್ಕೆ ಸ್ವಲ್ಪ ಮೊದಲೇ ಮುಟ್ಟಿದ್ದರಿಂದ ಬಿಸಿಲಲ್ಲಿ ನಿಂತು ಗಡಿಯಾರ ನೋಡಿದೆವು. ಖಾಂಬೇಟೆ ಶಾಲನ್ನು ಬೆಳಕಿಗೆ ಹಿಡಿದು ನೋಡಿ, ಇದು ಇದಕ್ಕೂ ಮೊದಲು ಯಾರಿಗೆ ಹೊದಿಸಿದ್ದು ಎಂದು ಕೇಳಿದರು. ನಿಜ ಹೇಳಬೇಕೆಂದರೆ ಅದು ಕಾರ್ಯದರ್ಶಿಗಳಿಗೆ ಬಂದ ಶಾಲು.

‘ಬೋರ್ಡ್ ಕೊಡೂದಿಲ್ಲ,’ ಎಂದರು ಅವರು. ‘ಅದು ನನ್ನ ಹೆಂಡ್ತಿ ಬರದದ್ದು.’

‘ಕೈಬರಹಕ್ಕೂ ನಮಗೂ ಸಂಬಂಧ ಇಲ್ರೀ ಕಾಕಾ. ನಮಗ ಮಜಕೂರು ಸಾಕು,’ ಎಂದರು ನಿರ್ದೇಶಕರು.

‘ನನಗ ಸಂಬಂಧ ಅದ. ಒಂದ ಮಧ್ಯಾಹ್ನ ಮೂರ ಸರ್ತಿ ಬಂದ ವಿಮಾ ಏಜಂಟ. ವತ್ಸಲಾ ಏನೂ ಅನ್ಲಿಲ್ಲ. ಕಿಡಕಿಗೆ ಹಚ್ಚಿ ಉಳಿದ ಹಸರ ಬಣ್ಣ ತಗೊಂಡ್ಲು, ಎಣ್ಣಿ ಡಬ್ಬಿ ಕೊಯ್ದು ತಗಡು ಮಾಡಿದ್ಲು, ಕೂತು ಬರದ್ಲು. ನಾಲ್ಕನೇ ಸರ್ತಿ ಬಂದವ ಓದಿ ಹಂಗ ಹೊಳ್ಳಿ ಹೋದ. ಆಮ್ಯಾಲೆ ಅಕಿ ಒಳಗ ಬಂದು ನಕ್ಕಿದ್ದು ನೋಡಬೇಕಿತ್ತು ನೀವು. ಈಗ ಅಕಿ ಇಲ್ಲ. ದಿನಾ ಮುಂಜಾನೆ ಒಂದ ಅರಿವಿ ತಗೊಂಡು ಒರಸ್ತೀನಿ, ಓದ್ತೀನಿ. ಅಕಿ ಬೈದಂಗ ಆಗ್ತದ. ದಿವಸ ಛಲೋ ಹೋಗ್ತದ.’

ಕೇತಕೀ ತನ್ನ ಪುಸ್ತಕದಲ್ಲಿ ಇದನ್ನು ಬರೆದುಕೊಳ್ಳತೊಡಗಿದಳು. ಹೆಂಡತಿಯರಿಗೆ ಕಾಲಂ ಇಲ್ಲವೆಂದು ನಿರ್ದೇಶಕರು ನೆನಪಿಸಿದ ಮೇಲೆ ನಿಲ್ಲಿಸಿದಳು.

ಆಗ ನಾನು ನಡುವೆ ಬಾಯಿ ಹಾಕಿದೆ. ಮಂದಿರದ ಮೊಗಸಾಲೆಯಲ್ಲಿ ಫಲಕವನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ, ದೇಶದ ದೊಡ್ಡ ದೊಡ್ಡ ವೈದ್ಯರು ಬಂದು ಓದುತ್ತಾರೆ ಎಂದೆ.

‘ಅಕಿ ಅಕ್ಷರ ಯಾರೂ ಹೊಗಳಿರ್ಲಿಲ್ಲ. ನಾನೂ ಹೊಗಳ್ಲಿಲ್ಲ,’ ಎಂದರು ಖಾಂಬೇಟೆ. ‘ದೊಡ್ಡ ಡಾಕ್ಟರ್ ಮಂದಿ ಓದ್ತಾರಂದ್ರ... ಎಷ್ಟು ದಿವಸ?’

‘ಹದಿನೈದು ದಿವಸ,’ ಎಂದರು ಡಾ. ಸಹಸ್ರಬುದ್ಧೆ. ಖಾಂಬೇಟೆ ಒಪ್ಪಿಗೆ ಪತ್ರವನ್ನು ಓದಿ, ಎರಡು ಕಡೆ ವ್ಯಾಕರಣ ತಿದ್ದಿ, ಸಹಿ ಮಾಡಿದರು.

ಸಂಶೋಧನೆಯ ನಿಯಮದಂತೆ ತೆಗೆದ ಜಾಗವನ್ನು ಖಾಲಿ ಬಿಡುವಂತಿಲ್ಲ. ಆದ್ದರಿಂದ ಮಂದಿರವು ತನ್ನ ಖರ್ಚಿನಲ್ಲಿ ತಾತ್ಕಾಲಿಕ ಫಲಕವೊಂದನ್ನು ಅಲ್ಲಿ ಹಾಕಿತು: ‘ಇಲ್ಲಿದ್ದ ಫಲಕವನ್ನು ಸಂಶೋಧನೆಗಾಗಿ ಒಯ್ಯಲಾಗಿದೆ. ತಮಗಾದ ಅಡಚಣೆಗೆ ವಿಷಾದಿಸುತ್ತೇವೆ. ದಯವಿಟ್ಟು ಗಂಟೆ ಬಾರಿಸಿ ಸಹಕರಿಸಿರಿ.’

ಪುಣೆಯ ಜನರನ್ನು ಯಾರೂ ಎಂದೂ ಸಹಕರಿಸಿ ಎಂದು ಕೇಳಿರಲಿಲ್ಲ. ಅವರು ಸಹಕರಿಸಿದರು. ಅಂಚೆಯವನು, ಗ್ಯಾಸಿನವನು, ವಾಡೆಯನ್ನು ಕೆಡವಿ ಏಳಂತಸ್ತು ಕಟ್ಟೋಣವೆನ್ನುವ ಬಿಲ್ಡರು, ಪಕ್ಕದ ಲಿಮಯೆ, ಎಲ್ಲರೂ ಒಂದರಿಂದ ನಾಲ್ಕರೊಳಗೆ ಬಂದು ಬಾರಿಸಿದರು. ಲಿಮಯೆ ದಿನವೂ ಎರಡು ಗಂಟೆಗೆ ಬಂದು, ನಿದ್ದೆ ಬಂತೇ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಖಾಂಬೇಟೆ ಬೈಯಲು ಬಾಯಿ ತೆರೆದರೆ ಬಂದವರು ಫಲಕ ತೋರಿಸುತ್ತಿದ್ದರು. ಬರೆದದ್ದಕ್ಕೆ ವಿರುದ್ಧವಾಗಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಬಾಯಿ ಮುಚ್ಚಿಕೊಂಡರು. ಮಳೆಗಾಲ ಬರುವಷ್ಟರಲ್ಲಿ ಅವರ ಒತ್ತಡ ಲಿಮಯೆಯವರದನ್ನು ದಾಟಿತು.

ಇತ್ತ ಮಂದಿರದಲ್ಲಿ ಉತ್ಸಾಹ ತುಂಬಿತ್ತು. ಸರಕಾರವು ನಮ್ಮ ಶೋಧವನ್ನು ಮೆಚ್ಚಿ ‘ಆರೋಗ್ಯ ಫಲಕ ಯೋಜನೆ’ಯನ್ನು ಮಂಜೂರು ಮಾಡಿತು. ಒತ್ತಡವಿರುವ ಪ್ರತಿ ನಾಗರಿಕನ ಬಾಗಿಲಿಗೂ ಒಂದು ಕೋಪದ ಫಲಕ. ಕಾರ್ಯದರ್ಶಿಗಳ ಭಾವಮೈದುನರದು ಪ್ಲಾಸ್ಟಿಕ್ ಬಕೆಟ್ಟಿನ ಕಾರ್ಖಾನೆ ಇದೆ, ಅವರ ಟೆಂಡರೇ ಅತ್ಯಂತ ಕಡಿಮೆಯದಾಗಿತ್ತು, ಏಕೆಂದರೆ ಬೇರೆ ಟೆಂಡರುಗಳು ಬಂದಿರಲಿಲ್ಲ. ಹೀಗಾಗಿ ಫಲಕಗಳು ಬಕೆಟ್ಟಿನ ಗುಲಾಬಿ ಬಣ್ಣದಲ್ಲಿ ಬಂದವು. ಯೋಜನೆಯ ನಿಯಮಾವಳಿಯಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಕೊಡುತ್ತೇನೆ:

‘ಫಲಾನುಭವಿಯು ಕೋಪವನ್ನು ಕಚೇರಿಯ ವೇಳೆಯಲ್ಲಿ ಮಾತ್ರ ವ್ಯಕ್ತಪಡಿಸತಕ್ಕದ್ದು. ಕೋಪವು ಯಾರ ಮನಸ್ಸನ್ನೂ ನೋಯಿಸಕೂಡದು. ಸರಕಾರ, ನಗರಪಾಲಿಕೆ, ನೆರೆಹೊರೆ ಹಾಗೂ ಸಂಬಂಧಿಕರನ್ನು ಹೊರತುಪಡಿಸಿ ಉಳಿದ ಯಾವುದೇ ವಿಷಯದ ಮೇಲೆ ಕೋಪಿಸಿಕೊಳ್ಳಲು ಪೂರ್ಣ ಸ್ವಾತಂತ್ರ್ಯವಿದೆ.’

ಮಜಕೂರನ್ನು ಗೊತ್ತುಪಡಿಸಲು ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ಭಾವಗೀತಕಾರರು ಮತ್ತು ಒಬ್ಬ ಆಹಾರತಜ್ಞೆ ಇದ್ದ ಸಮಿತಿ ಕೂತಿತು. ಖಾಂಬೇಟೆಯವರ ಫಲಕದ ಒಂದೊಂದು ವಾಕ್ಯವನ್ನೂ ಅಗೆದು ನೋಡಿ, ಕಟುವಾದದ್ದನ್ನು ತೆಗೆದು, ಔಷಧೀಯ ಗುಣವನ್ನು ಮಾತ್ರ ಉಳಿಸಿಕೊಂಡಿತು. ಕೊನೆಗೆ ಮಂಜೂರಾದ ವಾಕ್ಯ ಇದು: ‘ನಮಗೆ ಕೊಂಚ ಬೇಸರವಾಗಿದೆ. ತಮಗೆ ಶುಭವಾಗಲಿ.’

ಊರ ತುಂಬ ಗುಲಾಬಿ ಫಲಕಗಳು ನೇತಾಡಿದವು. ಒಂದು ತಿಂಗಳಲ್ಲಿ ಒತ್ತಡ ಇಳಿಯಿತೆಂದು ಅಂಕಿಅಂಶ ಬಂತು. ಕೇತಕೀ ಹೋಗಿ ನೋಡಿ ಬಂದು ಹೇಳಿದ್ದೇನೆಂದರೆ, ಜನ ಆ ಗುಲಾಬಿ ಫಲಕ ನೋಡಿ ಸಿಟ್ಟಿಗೆದ್ದು, ಅದರ ಕೆಳಗೆ ತಮ್ಮದೇ ರಟ್ಟಿನ ಫಲಕ ಹಾಕಿದ್ದಾರೆ. ‘ಮೇಲಿನದನ್ನು ಬರೆದವನು ಸಿಕ್ಕರೆ ತಿಳಿಸಿ, ಚಹಾ ಕೊಡುವುದಿಲ್ಲ’ ಎಂಬುದು ಅವುಗಳಲ್ಲಿ ಸೌಮ್ಯವಾದದ್ದು. ಒತ್ತಡ ಇಳಿದದ್ದು ಮುಖ್ಯ, ಯಾವ ಫಲಕದಿಂದ ಎಂಬುದು ಮುಂದಿನ ಅನುದಾನದ ವಿಷಯ ಎಂದು ನಿರ್ದೇಶಕರು ತೀರ್ಮಾನಿಸಿದರು.

ಗಣೇಶೋತ್ಸವ ಮುಗಿದ ವಾರ ಖಾಂಬೇಟೆ ಮಂದಿರಕ್ಕೆ ಬಂದರು. ಮೆಟ್ಟಿಲು ಹತ್ತಿದ್ದಕ್ಕೇ ಮುಖ ಕೆಂಪಾಗಿತ್ತು, ಕುರ್ಚಿ ಹಿಡಿದು ನಿಂತರು. ನಿರ್ದೇಶಕರ ಕೋಣೆಯಲ್ಲಿ ನಡೆದ ಮಾತನ್ನು ಟಿಪ್ಪಣಿ ಮಾಡಲು ನನ್ನನ್ನು ಕೂರಿಸಿದ್ದರು.

‘ಹದಿನೈದು ದಿವಸ ಅಂದಿದ್ರಿ. ಗಣಪತಿ ಬಂದು ಮುಳುಗಿ ಹೋದ.’

‘ಕೂಡ್ರಿ ಕಾಕಾ. ಸಂಶೋಧನಾಕ್ಕ ಪಂಚಾಂಗ ಇರೂದಿಲ್ಲ. ಮತ್ತ ಒಂದು ಸಂತೋಷದ ಸುದ್ದಿ ಅದ. ಬೋರ್ಡ್ ಇದ್ದಾಗ ನಿಮ್ಮ ಒತ್ತಡ ಎಷ್ಟು ಛಂದ ಇತ್ತು, ಇಲ್ಲದಾಗ ಎಷ್ಟು ಛಂದ ಏರೇದ! ಇಂಥಾ ಸ್ವಚ್ಛ ಫಲಿತಾಂಶ ಜರ್ಮನಿಯವ್ರಿಗೂ ಸಿಕ್ಕಿಲ್ಲ.’

‘ಹಂಗಾದ್ರ ಕೊಡ್ರಿ, ಒಯ್ತೀನಿ. ಇಳೀತದ.’

‘ಅದ ತ್ರಾಸ ನೋಡ್ರಿ. ಇಳೀತಂದ್ರ, ಏರಿತ್ತು ಅನ್ನಲಿಕ್ಕೆ ಪುರಾವೆ ಎಲ್ಲಿ ಉಳೀತು?’

‘ನಾ ಉಳಿಯೂದು ಬ್ಯಾಡೇನು?’

‘ಛೆ ಛೆ, ಉಳೀಬೇಕು! ಆರು ತಿಂಗಳಿಗೊಮ್ಮೆ ನಿಮ್ಮನ್ನ ಅಳೀಬೇಕಲ್ಲ.’

‘ನಮ್ಮ ಡಾಕ್ಟರು ಗುಳಿಗಿ ಬರದು ಕೊಟ್ಟಾರ.’

ನಿರ್ದೇಶಕರು ನೊಂದ ಮುಖ ಮಾಡಿದರು. ‘ಗುಳಿಗಿ ನುಂಗಿದ್ರ ನೀವು ಸಂಶೋಧನಾದಿಂದ ಹೊರಗ ಬೀಳ್ತೀರಿ. ನಡುವ ಬಿಟ್ಟವ್ರ ಸಾಮಾನು ಮಂದಿರಕ್ಕ ಜಮಾ ಆಗ್ತದ. ಒಪ್ಪಿಗಿ ಪತ್ರದಾಗ ಅದ. ನೀವ ವ್ಯಾಕರಣ ತಿದ್ದೀರಿ ಆ ಕಲಮಿನ್ಯಾಗ.’

ಖಾಂಬೇಟೆ ಪತ್ರ ತರಿಸಿ ನೋಡಿದರು. ತಿದ್ದಿದ್ದರು.

‘ನೀವೀಗ ನಮ್ಮ ನಿಯಂತ್ರಣ ಗುಂಪು,’ ಎಂದರು ನಿರ್ದೇಶಕರು ಗೌರವದಿಂದ.

‘ಗುಂಪಿನ್ಯಾಗ ಮತ್ಯಾರದಾರ?’

‘ನೀವೊಬ್ರ. ಅದಕ್ಕ ನಿಮ್ಮ ಜವಾಬ್ದಾರಿ ದೊಡ್ಡದು.’

ಗುಳಿಗೆ ನುಂಗಿದರೆ ಹೆಂಡತಿಯ ಅಕ್ಷರ ಹೋಗುತ್ತದೆ, ನುಂಗದಿದ್ದರೆ ತಾನೇ ಹೋಗಬಹುದು, ಇಷ್ಟು ಆ ಮುದುಕರಿಗೆ ಅರ್ಥವಾಯಿತು. ಅವರು ಗುಳಿಗೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಇಳಿದು ಹೋದರು. ನನಗೆ ಕೆಟ್ಟೆನಿಸಿತು. ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದಸರೆಯ ಮರುದಿನ ಎರಡು ಗಂಟೆಗೆ ಲಿಮಯೆ ಎಂದಿನಂತೆ ಗಂಟೆ ಬಾರಿಸಿದರು. ಖಾಂಬೇಟೆ ಬಾಗಿಲು ತೆರೆಯಲು ಮಾಳಿಗೆಯಿಂದ ಇಳಿಯುತ್ತ ತಲೆ ತಿರುಗಿ ಬಿದ್ದರು. ಕೈ ಉಳುಕಿತು, ಹಣೆ ಒಡೆಯಿತು. ಈ ಸಲ ಮೆಟ್ಟಿಲು ಗಿಡ್ಡವಿತ್ತು, ಮುಂದಿನ ಸಲ ಮೆದುಳಿನಲ್ಲೇ ಏನಾದರೂ ಒಡೆಯುತ್ತದೆ ಎಂದು ಅವರ ಡಾಕ್ಟರು ಹೇಳಿದರು. ಲಿಮಯೆ ಹಾಸಿಗೆಯ ಪಕ್ಕ ಕೂತು, ಯಾರ ತಪ್ಪೂ ಇಲ್ಲವೆಂದು ನಗುತ್ತ ಸಮಾಧಾನ ಹೇಳಿದರು.

ಕೇತಕೀ ಸುದ್ದಿ ಕೇಳಿ ನಾಲ್ಕಾಗುವವರೆಗೆ ಹೊರಗೆ ಕಾದು ಒಳಗೆ ಹೋದಳು. ನಾನೂ ಜೊತೆಗಿದ್ದೆ.

‘ಗುಳಿಗಿ ತಗೋರಿ ಆಜೋಬಾ. ಬೋರ್ಡ್ ಹೋದ್ರ ಹೋಗ್ಲಿ.’

‘ಹೋದ್ರ ಹೋಗ್ಲಿ ಅನ್ಲಿಕ್ಕೆ ಅದೇನು ನಿನ್ನ ಪಿಎಚ್.ಡಿ. ಏನು?’

ಕೇತಕೀ ಕಣ್ಣೊರೆಸಿಕೊಂಡು ಹೇಳಿದಳು: ‘ಬೋರ್ಡ್ ಮನಿಗೆ ತರಲಿಕ್ಕೆ ಬರೂದಿಲ್ಲ ಅಂತ ಕಲಮ ಅದ. ನೀವು ಬೋರ್ಡಿನ ಕಡೆ ಹೋಗಬಾರ್ದು ಅಂತ ಎಲ್ಲೂ ಕಲಮ ಇಲ್ರೀ. ಮೊಗಸಾಲಿ ಎಲ್ಲಾರಿಗೂ ಖುಲ್ಲಾ ಅದ.’

ಮರುದಿನ ಖಾಂಬೇಟೆ ರಿಕ್ಷಾ ಹಿಡಿದು ಬಂದರು. ರಿಕ್ಷಾದವನಿಗೆ ಮೀಟರಿನ ಬಗ್ಗೆ ಹೇಳಬೇಕಾದ್ದನ್ನು ಹೇಳಿ ಇಳಿದು, ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಚಷ್ಮಾ ಒರೆಸಿಕೊಂಡರು. ಫಲಕದ ಕೆಳಗೆ ಸಮಿತಿಯವರ ಚೀಟಿ ಅಂಟಿಸಿತ್ತು: ‘ಕೋಪಫಲಕ. ತಗಡು, ಬಣ್ಣ. ಕರ್ತೃ ಅಜ್ಞಾತ.’

‘ಅಜ್ಞಾತ?’ ಎಂದರು.

ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿದರು.

‘ಅಜ್ಞಾತ! ನಲವತ್ತು ವರ್ಷ ನನ್ನ ಜೊತಿ ಜಗಳಾಡಿದಾಕಿ ಅಜ್ಞಾತ? ಯಾವ ಕತ್ತೆ ಬರದದ್ದಿದು? ಹೆಸರು ಹೇಳಿ ಕೊಟ್ಟೀನಿ, ಎದುರಿಗೆ ಕೂತು ಹೇಳೀನಿ, ಮೂರ ಮಂದಿ ಆರ ಕಿವಿ ತಗೊಂಡು ಬಂದಿದ್ರಲ್ಲ, ಒಂದರಾಗರ ಹೊಕ್ಕಿತ್ತೇನು? ಸಹಸ್ರಬುದ್ಧೆ ಅಂತ, ಒಂಬೈನೂರಾ ತೊಂಬತ್ತೊಂಬತ್ತು ಎಲ್ಲಿ ಅಡವಿಟ್ಟು ಬಂದಾನ?’

ಹೀಗೆ ಅವರು ಮಂದಿರದ ಕಟ್ಟಡ, ಅದರ ಪಾಯಖಾನೆ, ಗುಲಾಬಿ ಫಲಕ, ಶಾಲು, ನನ್ನ ಪ್ರಕಟಣೆಗಳ ಭಾಷೆ, ಎಲ್ಲವನ್ನೂ ವಿಚಾರಿಸಿಕೊಂಡು ಮತ್ತೆ ಚೀಟಿಗೆ ಬಂದು ನಿಂತರು. ಮುಗಿದ ಕೂಡಲೇ ಕೇತಕೀ ತೋಳಿಗೆ ಪಟ್ಟಿ ಕಟ್ಟಿದಳು. ಏಪ್ರಿಲ್‌ನಿಂದ ಇಳಿಯದ ಒತ್ತಡ ಇಳಿದಿತ್ತು. ಅವಳು ಯಂತ್ರವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

ಹೆಸರು ಹಾಕಿಸಲು ಖಾಂಬೇಟೆ ಅರ್ಜಿ ಕೊಟ್ಟರು. ಬರೆದವರು ಸ್ವತಃ ಹಾಜರಾಗಿ ಅಕ್ಷರದ ಮಾದರಿ ಕೊಡಬೇಕೆಂದು ಸಮಿತಿ ಉತ್ತರಿಸಿತು. ಅವರು ತೀರಿಕೊಂಡಿದ್ದಾರೆಂದು ತಿಳಿಸಿದಾಗ ಸಮಿತಿ ಸಹಾನುಭೂತಿಯಿಂದ ಅವಧಿಯನ್ನು ಮೂರು ತಿಂಗಳು ವಿಸ್ತರಿಸಿತು. ಅಲ್ಲಿಯವರೆಗೆ ಖಾಂಬೇಟೆ ದಿನವೂ ಬಂದರು. ಬೆಳಿಗ್ಗೆ ಬಂದು ಅರಿವೆಯಿಂದ ಗಾಜು ಒರೆಸುವುದು, ಓದುವುದು, ಚೀಟಿಯನ್ನು ಬೈಯುವುದು, ಡಬ್ಬಿ ಬಿಚ್ಚಿ ಊಟ ಮಾಡುವುದು, ಒಂದು ಗಂಟೆಗೆ ಫಲಕದ ಕೆಳಗಿನ ಬೆಂಚಿನ ಮೇಲೆ ಮಲಗುವುದು. ಕಾವಲುಗಾರ ಎಬ್ಬಿಸಲು ಹೋದರೆ ಮಲಗಿದ್ದಲ್ಲಿಂದಲೇ ಬೆರಳೆತ್ತಿ ಫಲಕ ತೋರಿಸುತ್ತಿದ್ದರು.

ವಿಷಯ ನಿರ್ದೇಶಕರ ಬಳಿ ಹೋಯಿತು. ನಿರ್ದೇಶಕರು ಎಬ್ಬಿಸಿ ಎನ್ನುವವರಿದ್ದರು. ಆದರೆ ಲೆಕ್ಕ ವಿಭಾಗ ಒಂದು ತೊಡಕು ಎತ್ತಿತು. ಆ ಫಲಕವನ್ನು ಮಂದಿರದ ದಾಸ್ತಾನಿನಲ್ಲಿ ‘ಚಾಲ್ತಿಯಲ್ಲಿರುವ ಉಪಕರಣ’ ಎಂದು ತೋರಿಸಲಾಗಿತ್ತು, ಅದರ ನಿರ್ವಹಣೆಗೆ ಆ ವರ್ಷದ ಹಣವೂ ಬಂದಿತ್ತು. ಯಾರೂ ಪಾಲಿಸದ ಫಲಕ ಚಾಲ್ತಿಯಲ್ಲಿದೆ ಎನ್ನಲು ಬರುವುದಿಲ್ಲ, ಆಡಿಟಿನಲ್ಲಿ ಸಿಕ್ಕಿಬೀಳುತ್ತದೆ. ಚಾಲ್ತಿಯಲ್ಲಿಡಬೇಕಾದರೆ ಪಾಲಿಸಬೇಕು. ಮೂರು ಸಭೆಗಳ ನಂತರ ಈ ಸೂಚನೆ ಹೊರಬಿತ್ತು, ಕರಡು ನನ್ನದು:

‘ಮನಃಶರೀರ ಸಂಶೋಧನ ಮಂದಿರವು ಇನ್ನು ಮುಂದೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಲಗಿರುತ್ತದೆ.’

ಮೊದಲ ವಾರ ನೌಕರರು ಮುಜುಗರದಿಂದ ಮೇಜಿನ ಮೇಲೆ ತಲೆ ಇಟ್ಟರು. ಎರಡನೆಯ ವಾರ ಮನೆಯಿಂದ ಚಾಪೆಗಳು ಬಂದವು. ಲೆಕ್ಕ ವಿಭಾಗದ ಗೊರಕೆ ಮೊಗಸಾಲೆಗೂ ಕೇಳಿಸುತ್ತಿತ್ತು. ಡಾ. ಸಹಸ್ರಬುದ್ಧೆ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿ ಕಿಟಕಿಯ ಹೊರಗಿನ ಗೋಡೆಯನ್ನು ನೋಡದೆ ಮಲಗಿದರು. ವರ್ಷದ ಕೊನೆಗೆ ಕೇತಕೀ ಸಿಬ್ಬಂದಿಯನ್ನೆಲ್ಲ ಅಳೆದಾಗ ಒಬ್ಬೊಬ್ಬರ ಒತ್ತಡವೂ ಇಳಿದಿತ್ತು. ಸಂಶೋಧನೆ ನಿಲ್ಲಿಸಿದರೆ ಸಂಶೋಧಕರ ಆರೋಗ್ಯ ಸುಧಾರಿಸುತ್ತದೆ ಎಂಬ ಈ ಹೊಸ ಶೋಧಕ್ಕೆ ದೊಡ್ಡ ಅನುದಾನ ಬಂತು.

ಅನುದಾನ ಹಿಡಿದು ಮಾನ್ಯ ಮಂತ್ರಿಗಳೇ ಬಂದಿದ್ದರು. ಎರಡೂವರೆಗೆ ಬಂದರು. ಕಾವಲುಗಾರ ಗೇಟು ತೆರೆಯಲಿಲ್ಲ, ಫಲಕದ ಕೊನೆಯ ಸಾಲನ್ನು ಬಾಯಿಪಾಠ ಒಪ್ಪಿಸಿದ: ‘ನೀವು ಬಂದ ಕೆಲಸ ಅಷ್ಟು ದೊಡ್ಡದಾಗಿದ್ದರೆ ಬೆಳಿಗ್ಗೆಯೇ ಬರುತ್ತಿದ್ದಿರಿ.’ ಮಂತ್ರಿಗಳು ಯೋಚಿಸಿ, ಹೌದೆಂದು ಒಪ್ಪಿ, ಎದುರಿನ ಅಮೃತತುಲ್ಯ ಚಹಾದಂಗಡಿಯಲ್ಲಿ ಚಹಾ ಕುಡಿಯುತ್ತ ನಾಲ್ಕರವರೆಗೆ ಕೂತರು. ಅವರ ಒತ್ತಡವೂ ಇಳಿಯಿತೆಂದು ಅವರ ಆಪ್ತ ಸಹಾಯಕರು ಆಮೇಲೆ ಫೋನು ಮಾಡಿ ತಿಳಿಸಿದರು.

ಹೊಸ ಅನುದಾನ ಬಂದದ್ದರಿಂದ ಹಳೆಯ ಸಂಶೋಧನೆ ಮುಗಿಯಿತು. ಫಲಕ ಹಿಂತಿರುಗಿಸಲು ಮಂಜೂರಾತಿ ಸಿಕ್ಕಿತು. ಆದೇಶ ಹಿಡಿದು ನಾಲ್ಕು ಹೊಡೆಯುವುದನ್ನು ಕಾದು ನಾನೇ ಬೆಂಚಿನ ಬಳಿ ಹೋದೆ.

‘ಕಾಕಾ, ನಿಮ್ಮ ಬೋರ್ಡ್ ಮನಿಗೆ ಒಯ್ಯಬಹುದಂತ.’

ಖಾಂಬೇಟೆ ಎದ್ದು ಕೂತು ಆದೇಶ ಓದಿದರು. ವ್ಯಾಕರಣ ತಿದ್ದಲಿಲ್ಲ. ಮತ್ತೆ ನನ್ನ ಕೈಗೇ ಕೊಟ್ಟರು.

‘ಬ್ಯಾಡ. ಮನ್ಯಾಗ ಓದೋರು ಯಾರ ಅದಾರ, ನಾನೊಬ್ಬ. ಇಲ್ಲಿ ದಿನಾ ಎಷ್ಟು ಮಂದಿ ಬರ್ತಾರ, ನಿಂತು ಓದ್ತಾರ, ಅಕಿ ಕಡಿಂದ ಬೈಸ್ಕೊಂಡು ನಕ್ಕೋತ ಹೋಗ್ತಾರ. ಮಂತ್ರಿ ಸುದ್ದಾ ಬೈಸ್ಕೊಂಡು ಹೋದ. ಅಕಿಗೆ ಇಷ್ಟು ಮಂದಿ ಎಲ್ಲಿ ಸಿಗಬೇಕ್ರೀ? ಇಲ್ಲೇ ಇರ್ಲಿ.’

ಆಮೇಲೆ ಡಬ್ಬಿಯ ಚೀಲದಿಂದ ಒಂದು ಸಣ್ಣ ತಗಡು ತೆಗೆದರು. ಉಳುಕಿದ ಕೈಯ ಸೊಟ್ಟ ಅಕ್ಷರದಲ್ಲಿ ತಾವೇ ಬರೆದು ತಂದಿದ್ದರು. ಸಮಿತಿಯ ಚೀಟಿಯ ಮೇಲೆಯೇ ಅದನ್ನು ತೂಗುಹಾಕಿದರು: ‘ಬರೆದವಳು ವತ್ಸಲಾ ಖಾಂಬೇಟೆ. ಅಜ್ಞಾತಳಲ್ಲ. ಗೊತ್ತಿಲ್ಲದಿದ್ದರೆ ಕೇಳಬೇಕು, ಒಂದರಿಂದ ನಾಲ್ಕರವರೆಗೆ ಬಿಟ್ಟು.’ ಅದನ್ನು ತೆಗೆಸಿದರೆ ಅವರ ಒತ್ತಡ ಏರಿ ಅಂಕಿಅಂಶ ಕೆಡುತ್ತದೆಂದು ಸಮಿತಿಗೆ ಮನವರಿಕೆಯಾಗಿ, ಹೆಸರಿನ ಅರ್ಜಿ ಇತ್ಯರ್ಥವಾಯಿತು.

ಆದರೆ ಮಂಜೂರಾತಿಯ ಪ್ರಕಾರ ಫಲಕ ಅವರದು, ಅವರಿರುವುದು ನಮ್ಮಲ್ಲಿ. ಇದನ್ನು ಹೇಗೆ ಬರೆಯುವುದೆಂದು ಲೆಕ್ಕ ವಿಭಾಗ ಎರಡು ದಿನ ಮಲಗಿ ಯೋಚಿಸಿ, ಫಲಕ, ಖಾಂಬೇಟೆ ಇಬ್ಬರನ್ನೂ ದಾಸ್ತಾನಿಗೆ ಸೇರಿಸಿಕೊಂಡಿತು. ಖಾಂಬೇಟೆಯವರೇ ತಮ್ಮ ಪರವಾಗಿ ಸ್ವೀಕೃತಿಯ ಸಹಿ ಹಾಕಿದರು. ಹೋದ ತಿಂಗಳು ಸರಕಾರದ ತಪಾಸಣಾಧಿಕಾರಿ ಬಂದಿದ್ದರು. ಎರಡು ಗಂಟೆಗೆ ಬಂದು, ಫಲಕ ಓದಿ, ಯಾರೂ ಹೇಳದೆಯೇ ಬೂಟು ಬಿಚ್ಚಿ, ಬೆಂಚಿನ ಇನ್ನೊಂದು ತುದಿಯಲ್ಲಿ ಸ್ವಲ್ಪ ಒರಗಿಕೊಂಡರು. ನಾಲ್ಕಕ್ಕೆ ಎದ್ದು ತಮ್ಮ ವರದಿಯನ್ನು ಬರೆದರು: ‘ಗಾಜಿನ ಪೆಟ್ಟಿಗೆಯೊಳಗೆ ವತ್ಸಲಾ ಖಾಂಬೇಟೆ, ಒಂದು. ಪೆಟ್ಟಿಗೆಯ ಕೆಳಗೆ ದಿನಕರ ಖಾಂಬೇಟೆ, ಒಂದು. ಎರಡೂ ಚಾಲ್ತಿಯಲ್ಲಿವೆ.’